ಬೆರಳು ಬಿಟ್ಟರೆ ಮಿಷನ್ನು ನಿಲ್ಲಬೇಕು

ನಾನು ಮರಗೆಲಸದವರ ಮನೆಯಲ್ಲಿ ಹುಟ್ಟಿದವಳಲ್ಲ. ನಮ್ಮದು ಕೈಲಾಂಚದ ಹತ್ತಿರ ರಾಗಿ, ಹಿಪ್ಪುನೇರಳೆ ಬೆಳೆಯುವ ಮನೆ. ಮದುವೆಯಾಗಿ ರಾಮನಗರಕ್ಕೆ ಬಂದ ಮೇಲೆ ಕೆಲವು ವರ್ಷ ರೇಷ್ಮೆ ನೂಲು ಬಿಚ್ಚುವಲ್ಲಿ ದುಡಿದೆ. ಬಿಸಿನೀರಿನಲ್ಲಿ ಕೈ ಅದ್ದಿ ಅದ್ದಿ ಬೆರಳ ಸಂದುಗಳೆಲ್ಲ ಹುಣ್ಣಾಗಿದ್ದವು. ಆ ನೂಲಿನ ಘಟಕ ಮುಚ್ಚಿಹೋದಾಗ ಪಕ್ಕದ ಬೀದಿಯ ಹೆಂಗಸೊಬ್ಬಳು ಬಂದು, ಊರ ಹೊರಗೆ ಬಾಗಿಲು, ಕಿಟಕಿ ಮಾಡುವ ಕಾರ್ಖಾನೆ ಶುರುವಾಗಿದೆ, ಮರ ಉಜ್ಜುವುದಕ್ಕೆ ಹೆಂಗಸರು ಬೇಕಂತೆ ಎಂದಳು. ನೀರಿನಲ್ಲಿ ಕೈ ಇಡಬೇಕಾಗಿಲ್ಲ ಅನ್ನುವ ಒಂದೇ ಕಾರಣಕ್ಕೆ ಹೋದೆ. ನಿವೃತ್ತಿಯವರೆಗೂ ಅಲ್ಲೇ ಉಳಿದೆ.

ಈಗ ಆ ಕೆಲಸಕ್ಕೆ ಸೇರುವ ಹುಡುಗಿಯರು ಒಮ್ಮೊಮ್ಮೆ ಮನೆಗೆ ಬರುತ್ತಾರೆ. ಮಿಷನ್ನು ಹೇಗೆ ಹಿಡಿಯಬೇಕು, ಎಲ್ಲಿ ಜೋಕೆ ಎಂದು ಕೇಳುತ್ತಾರೆ. ಬಾಯಲ್ಲಿ ಹೇಳಿದರೆ ಬಸ್ಸು ಹತ್ತುವಷ್ಟರಲ್ಲಿ ಅರ್ಧ ಮರೆಯುತ್ತಾರೆ. ನಮಗೆ ಏನೇನಾಯಿತು ಅನ್ನುವುದನ್ನೇ ಬರೆದಿಟ್ಟರೆ ನೆನಪಿನಲ್ಲಿ ಉಳಿದೀತು ಎಂದು ಕುಳಿತಿದ್ದೇನೆ.

ನಾನು ಸೇರಿದ ಹೊಸದರಲ್ಲಿ ಉಜ್ಜುವ ಮಿಷನ್ನೇ ಇರಲಿಲ್ಲ. ಉಪ್ಪು ಕಾಗದವನ್ನು ಮರದ ತುಂಡಿಗೆ ಸುತ್ತಿ ಕೈಯಲ್ಲೇ ಉಜ್ಜಬೇಕಿತ್ತು. ಕಲಿಸಿದವರು ಮೇಸ್ತ್ರಿ ಪುಟ್ಟಾಚಾರ್. ಮಾಗಡಿಯವರು. ಮಾತು ಕಡಿಮೆ, ಕೆಮ್ಮು ಜಾಸ್ತಿ. ಹಲಗೆಯ ಮೇಲೆ ಅಂಗೈ ಆಡಿಸಿ ಒಂದು ಕಡೆ ನಿಲ್ಲಿಸಿಬಿಡುತ್ತಿದ್ದರು.

"ಇಲ್ಲೊಂದು ತಗ್ಗು ಐತೆ ನೋಡಮ್ಮಿ. ಕಣ್ಣಿಗೆ ಕಾಣಾಕಿಲ್ಲ, ಕೈಗೆ ಸಿಗ್ತದೆ."

ನಾನು ಕೈ ಇಟ್ಟರೆ ಏನೂ ಸಿಗುತ್ತಿರಲಿಲ್ಲ. ಸಿಗುವುದಕ್ಕೆ ಒಂದು ಮಳೆಗಾಲ ಹಿಡಿಯಿತು. ಮರದ ಎಳೆ ಹೋದ ದಿಕ್ಕಿನಲ್ಲೇ ಉಜ್ಜಬೇಕು, ಅಡ್ಡ ಉಜ್ಜಿದರೆ ಗೀರು ಬೀಳುತ್ತದೆ. ಒರಟು ಕಾಗದದಿಂದ ಶುರುಮಾಡಿ, ನಡುವಿನದನ್ನು ಹಾರಿಸದೆ, ನಯವಾದ ಕಾಗದಕ್ಕೆ ಬರಬೇಕು. ಇಷ್ಟನ್ನು ಅವರು ಹೇಳಿಕೊಟ್ಟರು. ಮಿಷನ್ನು ಬಂದ ಮೇಲೂ ಈ ಮಾತು ಬದಲಾಗಲಿಲ್ಲ. ಆದರೆ ಮಿಷನ್ನು ಬಂದಾಗ ಮೊದಲು ಮರೆತವರೂ ಅವರೇ.

ಮಾಲೀಕರು ಬೆಂಗಳೂರಿನಿಂದ ಸ್ಯಾಂಡರ್ ಅನ್ನುವ ಉಜ್ಜುವ ಮಿಷನ್ನು ಎರಡು ಬಗೆಯದು ತರಿಸಿದರು. ಒಂದು ಅಂಗೈಯಲ್ಲಿ ಹಿಡಿಯುವಂಥದು, ಅಡಿಗೆ ಕಾಗದ ಕಚ್ಚಿಸಿದರೆ ಅದುರುತ್ತಾ ಉಜ್ಜುತ್ತದೆ. ಇನ್ನೊಂದು ಬೆಲ್ಟಿನದು, ಭಾರದ್ದು. ಉಪ್ಪು ಕಾಗದದ ಪಟ್ಟಿ ಎರಡು ಉರುಳೆಗಳ ಮೇಲೆ ಓಡುತ್ತದೆ, ಹಿಡಿದವರನ್ನು ಮುಂದಕ್ಕೆ ಎಳೆಯುತ್ತದೆ. ಚಿಕ್ಕದು ಹೆಂಗಸರಿಗೆ, ದೊಡ್ಡದು ಗಂಡಸರಿಗೆ ಎಂದು ಹಂಚಿಕೊಟ್ಟರು. ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟು, ಸೆರಗನ್ನು ಒಳಗೆ ಸಿಕ್ಕಿಸಿ, ಜಡೆಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ನಿಂತೆವು. ಬಳೆ ತೆಗೆಯುವುದಕ್ಕೆ ಮಾತ್ರ ಕೆಲವರು ಒಪ್ಪಲಿಲ್ಲ. ಎಷ್ಟೋ ದಿನ ಮೊಣಕೈವರೆಗೆ ತಳ್ಳಿ ಅದರ ಮೇಲೆ ಬಟ್ಟೆ ಸುತ್ತಿಕೊಳ್ಳುತ್ತಿದ್ದರು.

ಆಗ ಕನಕಪುರದ ಒಂದು ಕಲ್ಯಾಣ ಮಂಟಪಕ್ಕೆ ತೇಗದ ಬಾಗಿಲುಗಳನ್ನು ಒಪ್ಪಿಕೊಂಡಿದ್ದರು. ಕೆಲಸ ಅವಸರದ್ದು.

"ಒಸಿ ಒತ್ತಿ ಹಿಡೀರಮ್ಮಿ, ಬಿರ್ರನೆ ಆಯ್ತದೆ" ಎಂದರು ಮೇಸ್ತ್ರಿ. ಒತ್ತಿದೆವು. ನಡುವಿನ ಕಾಗದವನ್ನೂ ಹಾರಿಸಿದೆವು. ಬಾಗಿಲುಗಳು ನಯವಾಗಿಯೇ ಕಂಡವು. ಪಾಲಿಶ್ ಆಯಿತು, ಲಾರಿಯಲ್ಲಿ ಹೋದವು. ಅಲ್ಲಿ ನಿಲ್ಲಿಸಿದ ಮಾರನೆಯ ಬೆಳಿಗ್ಗೆ ಮುಂಬಾಗಿಲಿನ ಮೇಲೆ ಬಿಸಿಲು ಬಿದ್ದಾಗ ಹಲಗೆಯ ತುಂಬ ಸುರುಳಿ ಸುರುಳಿ ಗೀರು ಎದ್ದು ಕಂಡವಂತೆ. ಫೋನು ಬಂತು. ನಾವು ಉಪ್ಪು ಕಾಗದ ಕಟ್ಟಿಕೊಂಡು ಬಸ್ಸಿನಲ್ಲಿ ಕನಕಪುರಕ್ಕೆ ಹೊರಟೆವು. ಮಂಟಪದ ಹಿಂದೆ ಮದುವೆ ಅಡುಗೆಗೆ ತರಕಾರಿ ಹೆಚ್ಚುತ್ತಿದ್ದರು. ಊಟದ ಹಾಲಿನಲ್ಲಿ ಬಾಗಿಲು ಮಲಗಿಸಿ ಪಾಲಿಶ್ ಕೆರೆದು, ಕೈಯಲ್ಲೇ ಮತ್ತೆ ಉಜ್ಜಿದೆವು. ಬಂದ ನೆಂಟರು ನಮ್ಮನ್ನು ದಾಟಿಕೊಂಡು ಓಡಾಡಿದರು.

ವಾಪಸು ಬರುವಾಗ ಮೇಸ್ತ್ರಿ ಬಸ್ಸಿನ ಕಿಟಕಿಯಾಚೆ ನೋಡುತ್ತಾ ಹೇಳಿದರು: "ಮಿಷನ್ ಭಾರನೇ ಸಾಕು ಕಣಮ್ಮಿ. ನಾನೇ ತಪ್ಪು ಯೋಳ್ದೆ. ಒತ್ತುದ್ರೆ ಅದು ಆಡಾಕಾಗ್ದೆ ಗೀಚ್ತದೆ."

ಅಷ್ಟು ದೊಡ್ಡ ಕೆಲಸಗಾರರು ತಮ್ಮ ತಪ್ಪನ್ನು ತಾವೇ ಹೇಳಿದ್ದು ನನಗೆ ಹಿಡಿಸಿತು. ಅಂದಿನಿಂದ ಅವರು ಏನು ಹೇಳಿದರೂ ನಾನು ತಿರುಗಿ ಕೇಳುವ ಧೈರ್ಯ ಮಾಡಿದೆ. ಅವರೂ ಬೇಸರ ಮಾಡಿಕೊಳ್ಳಲಿಲ್ಲ.

ಇನ್ನೊಂದು ಸಲ ಮಾಗಡಿಯಲ್ಲಿ ಕೆಡವಿದ ಹಳೇ ಮನೆಯೊಂದರ ತೊಲೆ, ಹಲಗೆಗಳು ಬಂದವು. ಒಳ್ಳೆಯ ಮರ. ಆದರೆ ಒಳಗೆ ತುಕ್ಕು ಹಿಡಿದ ಮೊಳೆಗಳಿದ್ದವು. ಕಂಡಷ್ಟನ್ನು ಕಿತ್ತಿದ್ದರು. ಒಂದು ತಲೆ ಮುರಿದ ಮೊಳೆ ಉಳಿದಿತ್ತು. ಬೆಲ್ಟು ಅದಕ್ಕೆ ತಾಗಿ ಕಿಡಿ ಹಾರಿತು. ಆ ಕಿಡಿ ಧೂಳಿನ ಜೊತೆಗೆ ಮಿಷನ್ನಿನ ಹಿಂದೆ ಧೂಳು ತುಂಬಿಕೊಳ್ಳುವ ಚೀಲಕ್ಕೆ ಹೋಯಿತು. ಯಾರಿಗೂ ಗೊತ್ತಾಗಲಿಲ್ಲ. ಒಸಿ ಹೊತ್ತಿಗೆ ಸುಟ್ಟ ವಾಸನೆ ಬಂತು, ಚೀಲದಿಂದ ಹೊಗೆ. ಮೇಸ್ತ್ರಿ ಚೀಲ ಕಿತ್ತು ಕೊಡವಿಬಿಟ್ಟರು. ಗಾಳಿಗೆ ಹಾರಿದ ಧೂಳು ಭುಗ್ಗೆಂದಿತು. ಅವರ ಹುಬ್ಬು, ಮುಂಗೂದಲು ಸುಟ್ಟವು. ದೇವರ ದಯೆ, ಕಣ್ಣು ಉಳಿಯಿತು. ಹೊಗೆಯಾಡುವ ಚೀಲವನ್ನು ಕೊಡವಬಾರದು, ಹಾಗೇ ನೀರಿಗೆ ಅದ್ದಬೇಕು. ಕೆಲಸ ಮುಗಿದ ಮೇಲೆ ಚೀಲದಲ್ಲಿ ಧೂಳು ಉಳಿಸಿ ಮನೆಗೆ ಹೋಗಬಾರದು. ಪಾಲಿಶ್ ಕೆರೆದ ಧೂಳನ್ನಂತೂ ಬರೀ ಮರದ ಧೂಳಿನ ಜೊತೆ ಬೆರೆಸಬಾರದು. ಇವು ಮೇಸ್ತ್ರಿಯ ಹುಬ್ಬು ಸುಟ್ಟು ಬಂದ ನಿಯಮಗಳು.

ಮಿಷನ್ನಿನ ಒಳಗೆ ಏನಿದೆ ಅನ್ನುವುದನ್ನು ನಾನು ನೋಡಿದ್ದು ಚನ್ನಪಟ್ಟಣದಲ್ಲಿ. ಅಲ್ಲಿ ಬಾಷಾ ಸಾಬರು ಎಂಬವರು ಪಂಪ್‌ಸೆಟ್ಟಿನ ಕೆಟ್ಟ ಮೋಟರು ಬಿಚ್ಚಿ ಕಟ್ಟುತ್ತಿದ್ದರು. ನಮ್ಮ ಸ್ಯಾಂಡರ್ ಕೆಟ್ಟಾಗ ಅವರ ಹತ್ತಿರ ಒಯ್ಯುತ್ತಿದ್ದೆವು. ಮೇಸ್ತ್ರಿಗೆ ಮೈ ಸರಿಯಿಲ್ಲದ ಒಂದು ದಿನ ನಾನೇ ಚೀಲದಲ್ಲಿ ಹಾಕಿಕೊಂಡು ಹೋದೆ. ಸಾಬರು ತಿರುಪು ಬಿಚ್ಚಿ ಕವಚ ತೆಗೆದರು. ಗಾಳಿ ಆಡುವ ಕಿಂಡಿಗಳ ತುಂಬ ಧೂಳು ರಾಗಿ ಹಿಟ್ಟಿನ ಹಾಗೆ ಮೆತ್ತಿಕೊಂಡಿತ್ತು.

"ಸುಟ್ಟೋಗಿದೆಯಾ ಸಾಬ್ರೇ?" ಎಂದೆ.

"ಸುಟ್ಟಿದ್ದು ಆಮೇಲೆ ಅಮ್ಮಾ. ಮೊದ್ಲು ಉಸಿರು ಕಟ್ಟೈತೆ. ದಿನಾ ಕೆಲ್ಸ ಆದ್ಮೇಲೆ ಗಾಳಿ ಹೊಡೆದು ಕ್ಲೀನ್ ಮಾಡಿದ್ರೆ ನೀವು ಇಲ್ಲಿಗೆ ಬರ್ತಾ ಇರ್ಲಿಲ್ಲ."

"ಹಂಗಾದ್ರೆ ನಿಮಗೆ ಕೆಲಸ ಇರಲ್ವಲ್ಲ."

"ನನಗೆ ಪಂಪ್‌ಸೆಟ್ ಸಾಕಷ್ಟು ಐತೆ, ನೀವು ಕಲೀರಿ" ಎಂದು ನಕ್ಕು, ಪಕ್ಕದಲ್ಲಿ ಸ್ಟೂಲು ಹಾಕಿ ಕೂರಿಸಿಕೊಂಡರು. ಕಾರ್ಬನ್ ಬ್ರಷ್ಷು ತೋರಿಸಿದರು. ಮೋಟರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಚಿಕ್ಕ ಕರಿ ತುಂಡು. ಅದು ಸವೆದರೆ ಒಳಗೆ ಕಿಡಿ ಹೆಚ್ಚುತ್ತದೆ, ಮಿಷನ್ನು ತಡೆದು ತಡೆದು ಓಡುತ್ತದೆ. ಆಗ ಎರಡೂ ಬದಿಯದನ್ನು ಒಟ್ಟಿಗೇ ಬದಲಾಯಿಸಬೇಕು. ಬೇರಿಂಗು ಕೆಟ್ಟರೆ ಕಿರುಗುಟ್ಟುವ ಸದ್ದು ಬರುತ್ತದೆ. ವೈರಿನ ಮೇಲಿನ ಪದರ ಹರಿದಿದ್ದರೆ ಟೇಪು ಸುತ್ತಿ ಸಾಗಿಸಬಾರದು, ಹೊಸದೇ ಹಾಕಿಸಬೇಕು. ವೈರು ಹಿಡಿದು ಮಿಷನ್ನನ್ನು ತೂಗಾಡಿಸಿಕೊಂಡು ಒಯ್ಯಬಾರದು. ನಾನು ಮಾರನೆಯ ದಿನದಿಂದಲೇ ಸಂಜೆಯ ಗಂಟೆ ಹೊಡೆಯುವ ಮುಂಚೆ ಎಲ್ಲರ ಕೈಲೂ ಮಿಷನ್ನು ಒರೆಸಿಸುವುದಕ್ಕೆ ಶುರುಮಾಡಿದೆ. ಗೊಣಗಿದರು, ಆದರೆ ಮಾಡಿದರು. ಸಣ್ಣಪುಟ್ಟ ರಿಪೇರಿಯನ್ನೂ ನಾನೇ ಮಾಡತೊಡಗಿದೆ.

ಇಷ್ಟು ಹೊತ್ತಿಗೆ ಭಾಗ್ಯ ಬಂದಿದ್ದಳು. ದೂರದ ಸಂಬಂಧದಲ್ಲಿ ನನಗೆ ತಂಗಿ. ನಮ್ಮ ಕೈಲಾಂಚ ಕಡೆಗೇ ಕೊಟ್ಟಿದ್ದರು. ನಾನೇ ಅವಳ ಅತ್ತೆಯನ್ನು ಒಪ್ಪಿಸಿ ಕೆಲಸಕ್ಕೆ ಕರೆತಂದಿದ್ದೆ. ಗಟ್ಟಿ ಹುಡುಗಿ. ಹೆಂಗಸರಲ್ಲಿ ಬೆಲ್ಟಿನ ಮಿಷನ್ನನ್ನು ಮೊದಲು ಕೈಗೆ ತೆಗೆದುಕೊಂಡವಳು ಅವಳೇ. ವಿರೂಪಾಕ್ಷಿಪುರದ ಮಾದೇಶ ಆ ಮಿಷನ್ನಿನಲ್ಲಿ ಪಳಗಿದವನು. ಅವನೇ ಅವಳಿಗೆ ಹೇಳಿಕೊಟ್ಟ. ಹಲಗೆಯನ್ನು ಮೊದಲು ಮೇಜಿಗೆ ಬಿಗಿ. ಮಿಷನ್ನನ್ನು ಎತ್ತಿ ಹಿಡಿದು ಶುರುಮಾಡು, ಆಮೇಲೆ ಮರಕ್ಕೆ ತಾಗಿಸು. ನಿಲ್ಲಿಸುವಾಗಲೂ ಮೊದಲು ಎತ್ತು. ಒಂದೇ ಜಾಗದಲ್ಲಿ ಇರಿಸಬೇಡ, ಹಳ್ಳ ಬೀಳುತ್ತದೆ. ವೈರನ್ನು ಭುಜದ ಮೇಲೆ ಹಾಕಿಕೋ, ಬೆಲ್ಟಿಗೆ ಸಿಗದ ಹಾಗೆ. ಅವನು ಹೇಳಿಕೊಟ್ಟದ್ದೆಲ್ಲ ಸರಿಯಾಗಿಯೇ ಇತ್ತು.

ಆ ಮಿಷನ್ನಿನ ಹಿಡಿಯಲ್ಲಿ ಒತ್ತುವ ಸ್ವಿಚ್ಚು, ಅದರ ಪಕ್ಕದಲ್ಲಿ ಒಂದು ಸಣ್ಣ ಗುಂಡಿ. ಸ್ವಿಚ್ಚು ಒತ್ತಿ ಗುಂಡಿಯನ್ನೂ ಅದುಮಿದರೆ ಲಾಕ್ ಆಗುತ್ತದೆ. ಬೆರಳು ತೆಗೆದರೂ ಮಿಷನ್ನು ಓಡುತ್ತಲೇ ಇರುತ್ತದೆ. ದಿನವಿಡೀ ಒತ್ತಿದರೆ ಬೆರಳು ಮರಗಟ್ಟುತ್ತದೆಂದು ಎಲ್ಲರೂ ಲಾಕ್ ಮಾಡಿಕೊಂಡೇ ಕೆಲಸ ಮಾಡುತ್ತಿದ್ದರು. ಅದನ್ನು ಯಾರೂ ಅಪಾಯವೆಂದು ಎಣಿಸಿರಲಿಲ್ಲ.

ಬೇಸಿಗೆ. ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಮಾದೇಶ ಉದ್ದ ಮೇಜಿನ ಒಂದು ತುದಿಯಲ್ಲಿ ಉಜ್ಜುತ್ತಿದ್ದಾಗ ಕರೆಂಟು ಹೋಯಿತು. ಮಿಷನ್ನು ನಿಂತಿತು. ಅವನು ಅದನ್ನು ಅಲ್ಲೇ ಮೇಜಿನ ಮೇಲೆ ಬೆಲ್ಟು ಕೆಳಗಾಗಿ ಇಟ್ಟು ನೀರು ಕುಡಿಯಲು ಹೊರಗೆ ಹೋದ. ಲಾಕ್ ಬಿಡಿಸಿರಲಿಲ್ಲ, ಪ್ಲಗ್ಗು ಕಿತ್ತಿರಲಿಲ್ಲ. ಮೇಜಿನ ಇನ್ನೊಂದು ತುದಿಯಲ್ಲಿ ಭಾಗ್ಯ ಒಂದು ಬಾಗಿಲಿನ ಧೂಳು ಒರೆಸುತ್ತಿದ್ದಳು. ನಾನು ಗೋಡೆಯ ಹತ್ತಿರ ಕಾಗದ ಕತ್ತರಿಸುತ್ತಿದ್ದೆ.

ಕರೆಂಟು ಬಂತು. ಫ್ಯಾನು ತಿರುಗಿತು, ಅದರ ಜೊತೆಗೇ ಮಿಷನ್ನು. ಹಿಡಿದುಕೊಳ್ಳುವವರಿಲ್ಲದ ಅದು ಮೇಜಿನ ಮೇಲೆ ಗಾಡಿಯ ಹಾಗೆ ಓಡಿತು. ಭಾಗ್ಯ ತಲೆ ಎತ್ತಿದಳು. ಬಾಗಿಲು ಹಾಳಾಗುತ್ತದೆಂದು ಅದನ್ನು ತಡೆಯಲು ಎಡಗೈ ಮುಂದೆ ಚಾಚಿದಳು. ನಾನು ಪ್ಲಗ್ಗು ಕಿತ್ತೆ. ಕೀಳುವಷ್ಟರಲ್ಲಿ ಅವಳ ಬೆರಳುಗಳ ಮೇಲಿನ ಚರ್ಮ ಹೋಗಿತ್ತು. ಕೈಯನ್ನು ಎದೆಗೆ ಒತ್ತಿಕೊಂಡು ಕೆಳಗೆ ಕುಂತಳು. ಮಾದೇಶ ಬಾಗಿಲಲ್ಲಿ ನೀರಿನ ಲೋಟ ಹಿಡಿದು ನಿಂತಿದ್ದ.

ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ಗಾಯ ಮಾಯುತ್ತದೆ, ಆದರೆ ಎರಡು ಬೆರಳು ಪೂರ್ತಿ ಮಡಚುವುದಿಲ್ಲ ಎಂದರು ಡಾಕ್ಟರು. ಹೊರಗೆ ಬೆಂಚಿನ ಮೇಲೆ ಮಾದೇಶ ತಲೆ ತಗ್ಗಿಸಿ ಕುಳಿತಿದ್ದ.

"ಗೌರಕ್ಕ, ಲಾಕ್ ತೆಗೀನಿಲ್ಲ ಕಣಕ್ಕ ನಾನು."

"ಗೊತ್ತು" ಎಂದೆ.

ಮಾರನೆಯ ದಿನ ಮಾಲೀಕರು ಎಲ್ಲರನ್ನೂ ಕರೆದರು. ಅವರು ಕೆಟ್ಟವರಲ್ಲ, ಆಸ್ಪತ್ರೆಯ ಖರ್ಚನ್ನೆಲ್ಲ ಕೊಟ್ಟರು. ಆದರೆ ಹೆದರಿದ್ದರು. ಎರಡು ತೀರ್ಮಾನ ಹೇಳಿದರು. ಮಾದೇಶನನ್ನು ಕೆಲಸದಿಂದ ಬಿಡಿಸುವುದು, ಹೆಂಗಸರು ಇನ್ನು ಮಿಷನ್ನು ಮುಟ್ಟದೆ ಕೈಯಲ್ಲೇ ಉಜ್ಜುವುದು.

ನಾನು ಗುಂಪಿನಿಂದ ಮುಂದೆ ಬಂದೆ.

"ಸಾರ್, ಮಾದೇಶ ಹೋದ್ರೆ ಇನ್ನೊಬ್ರು ಬರ್ತಾರೆ. ಅವರೂ ಆ ಗುಂಡಿ ಒತ್ತುತಾರೆ. ನಾವೆಲ್ಲ ಒತ್ತಿದವ್ರೇ. ಗುಂಡಿ ತೆಗೆಸಿ."

"ಕಂಪನಿಯವರು ಮಾಡಿಕೊಟ್ಟಿದ್ದನ್ನ ನಾವು ತೆಗೆಯೋಕಾಗುತ್ತೇನಮ್ಮ? ಬೆರಳು ನೋವು ಅಂತ ನೀವೇ ಆಮೇಲೆ ಬರ್ತೀರಿ."

"ನೋವಾದ್ರೆ ಒಬ್ಬರಾದ ಮೇಲೆ ಒಬ್ಬರು ಹಿಡಿಯೋಣ. ಹೋದ ಬೆರಳು ಬರಲ್ಲ ಸಾರ್."

"ಹೆಂಗಸರಿಗೆ ಮಿಷನ್ ಬೇಡ ಅಂತ ನಾನು ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು."

"ಭಾಗ್ಯ ಮಿಷನ್ ಹಿಡಿದಿರಲಿಲ್ಲ ಸಾರ್. ಬಟ್ಟೆ ಹಿಡಿದು ಧೂಳು ಒರೆಸ್ತಿದ್ಲು. ಕೈಯಲ್ಲಿ ಉಜ್ಜೋರಿಗೂ ಅದೇ ಮೇಜೇ ತಾನೆ?"

ಮಾಲೀಕರು ತಮ್ಮ ಕೋಣೆಗೆ ಹೋದರು. ಮಾದೇಶನನ್ನು ಬಿಡಿಸುವ ವಿಷಯ ಸದ್ಯಕ್ಕೆ ಹಾಗೇ ನಿಂತಿತು. ಅವರು ಹೇಳಿದ ಹಾಗೆಯೇ ನಾವು ಹೆಂಗಸರು ಉಪ್ಪು ಕಾಗದ ಹಿಡಿದು ಕುಂತೆವು. ಕೈಯಲ್ಲಿ ಎಷ್ಟು ಆಗುತ್ತದೋ ಅಷ್ಟೇ ಮಾಡಿದೆವು, ಆದರೆ ಚೊಕ್ಕಟವಾಗಿ ಮಾಡಿದೆವು. ಮಧ್ಯಾಹ್ನದ ಹೊತ್ತಿಗೆ ಬೆಲ್ಟಿನ ಒಂದು ಮಿಷನ್ನಿನ ಸದ್ದೂ ನಿಂತಿತು. ನೋಡಿದರೆ ಮಾದೇಶ ತನ್ನದರ ಪ್ಲಗ್ಗು ಕಿತ್ತು, ವೈರು ಸುತ್ತಿಟ್ಟು, ನಮ್ಮ ಸಾಲಿನ ಕೊನೆಗೆ ಬಂದು ಕುಂತಿದ್ದ.

"ಒಂದು ಕಾಗ್ದ ಕೊಡಿ ಇಲ್ಲಿ. ಆ ಗುಂಡಿ ತೆಗ್ಸೋಗಂಟ ನಾನೂ ಮುಟ್ಟಾಕಿಲ್ಲ" ಎಂದ. ಉಳಿದ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಅವರೂ ಬಂದರು.

ಉಜ್ಜದ ಬಾಗಿಲುಗಳು ಗೋಡೆಗೆ ಒರಗಿಕೊಂಡು ನಿಲ್ಲುತ್ತಾ ಹೋದವು. ಮಾಲೀಕರು ದಿನಾ ಬಂದು ನೋಡಿ ಹೋಗುತ್ತಿದ್ದರು. ನಮಗೂ ಒಳಗೆ ಅಳುಕಿತ್ತು. ಕೆಲಸ ಹೋದರೆ ಏನು ಎಂದು ಮನೆಯಲ್ಲಿ ಕೇಳುತ್ತಿದ್ದರು. ನಾನು ಬಿಡುವುದಿಲ್ಲವೆಂದು ಗಟ್ಟಿಮಾಡಿಕೊಂಡಿದ್ದೆ. ಕೊನೆಗೆ ಮೇಸ್ತ್ರಿ ಪುಟ್ಟಾಚಾರ್ ಕೆಮ್ಮುತ್ತಲೇ ಮಾಲೀಕರ ಕೋಣೆಗೆ ಹೋದರು. ಒಳಗೆ ಏನು ಮಾತಾಯಿತೋ, ಹೊರಗೆ ಬಂದು ನನಗೆ ಹೇಳಿದರು:

"ಎಲ್ಲಾ ಮಿಷನ್ನೂವೆ ಚೀಲುಕ್ಕಾಕಮ್ಮಿ. ಚನ್ನಪಟ್ಣಕ್ಕೆ ಓಗುಮ."

ಬಾಷಾ ಸಾಬರು ಲಾಕ್ ಇಲ್ಲದ ಸ್ವಿಚ್ಚುಗಳನ್ನು ಬೆಂಗಳೂರಿನಿಂದ ತರಿಸಿ ಹಾಕಿಕೊಟ್ಟರು. ಮಾದೇಶ ಕೆಲಸದಲ್ಲಿ ಉಳಿದ. ಮೇಸ್ತ್ರಿ ಪ್ರತಿ ಮೇಜಿನ ಪಕ್ಕಕ್ಕೂ ಒಂದು ಮರದ ತೊಟ್ಟಿಲು ಮಾಡಿದರು. ಮಿಷನ್ನು ಅದರಲ್ಲಿ ಮಲಗಿದರೆ ಬೆಲ್ಟು ಎಲ್ಲಿಗೂ ತಾಗುವುದಿಲ್ಲ. ಕರೆಂಟು ಹೋದ ಕೂಡಲೇ ಹಿಡಿದವರೇ ಪ್ಲಗ್ಗು ಕೀಳಬೇಕು, ಮತ್ತೆ ಸಿಕ್ಕಿಸುವ ಮುಂಚೆ ಸ್ವಿಚ್ಚು ಬಿಟ್ಟಿದೆಯೇ ಎಂದು ನೋಡಬೇಕು, ಕಾಗದ ಬದಲಿಸುವಾಗಲೂ ಪ್ಲಗ್ಗು ಹೊರಗಿರಬೇಕು ಎಂದು ನಿಯಮವಾಯಿತು. ಕನ್ನಡಕ, ಮೂಗಿಗೆ ಮಾಸ್ಕು ಕೂಡ ಆ ಗಲಾಟೆಯಲ್ಲೇ ಕೇಳಿ ತೆಗೆದುಕೊಂಡೆವು. ವರ್ಷಗಟ್ಟಲೆ ಧೂಳು ಕುಡಿದಿದ್ದ ಮೇಸ್ತ್ರಿಯ ಎದೆಗೆ ಮಾಸ್ಕು ತಡವಾಗಿ ಬಂತು.

ಭಾಗ್ಯ ಮಾತ್ರ ಬರಲಿಲ್ಲ. ಗಾಯ ಮಾದ ಮೇಲೆ ನಾನು ಅವಳ ಮನೆಗೆ ಹೋದೆ. ಹಿತ್ತಲಿನಲ್ಲಿ ರೇಷ್ಮೆ ಹುಳಕ್ಕೆ ಸೊಪ್ಪು ಕತ್ತರಿಸುತ್ತಿದ್ದಳು. ಎಡಗೈಯ ಎರಡು ಬೆರಳು ನೆಟ್ಟಗೆ ನಿಂತಿದ್ದವು.

"ಮಾಲೀಕ್ರು ಪ್ಯಾಕಿಂಗ್ ಕೆಲ್ಸ ಕೊಡ್ತೀನಿ ಅಂತ ಯೋಳ್ ಕಳ್ಸವ್ರೆ" ಎಂದಳು.

"ನೀನೇನಂದೆ?"

"ಏನೂ ಅಂದಿಲ್ಲ. ಅದ್ರ ಸದ್ದು ನೆನೆಸ್ಕಂಡ್ರೆ ಮೈ ನಡುಗ್ತದೆ ಕಣಕ್ಕ. ಆದ್ರೆ ಪ್ಯಾಕಿಂಗೂ ಬೇಡ. ನಾನು ಕಲ್ತಿದ್ದು ಅದನ್ನಲ್ಲ."

ಧೈರ್ಯ ತಂದುಕೋ ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ. ಧೈರ್ಯ ಅವಳಿಗೆ ಕಡಿಮೆ ಇರಲಿಲ್ಲ. ಆ ಮಿಷನ್ನಿನ ಮೇಲೆ ನಂಬಿಕೆ ಹೋಗಿತ್ತು, ಅದು ಸರಿಯೂ ಆಗಿತ್ತು.

"ಮಿಷನ್ ಓಡಿಸಬೇಡ. ಬಂದು ಬಿಚ್ಚು, ಒರೆಸು, ಕಟ್ಟು. ರಿಪೇರಿ ನನ್ನೊಬ್ಬಳ ಕೈಲಿ ಆಗ್ತಿಲ್ಲ" ಎಂದೆ.

ಅವಳ ಅತ್ತೆ ಒಳಗಿನಿಂದಲೇ, "ಒಂದು ಸಲ ಆಗಿದ್ದು ಸಾಲ್ದಾ ಗೌರಮ್ಮ?" ಎಂದರು.

"ಪ್ಲಗ್ ಹಾಕಲ್ಲ ಅತ್ತೆಮ್ಮ. ನಾನು ಪಕ್ಕದಲ್ಲೇ ಇರ್ತೀನಿ."

ಭಾಗ್ಯ ಬಂದಳು. ಕಾರ್ಖಾನೆಯ ಮೂಲೆಯಲ್ಲಿ, ಪ್ಲಗ್ಗಿನ ಹತ್ತಿರವೂ ಇಲ್ಲದ ಒಂದು ಮೇಜಿನ ಮುಂದೆ ಕುಂತಳು. ಮೊದಮೊದಲು ಆಚೆ ಯಾರಾದರೂ ಮಿಷನ್ನು ಶುರುಮಾಡಿದರೆ ತಿರುಪು ಕೈಯಿಂದ ಬೀಳುತ್ತಿತ್ತು. ಸುಮ್ಮನೆ ಬಗ್ಗಿ ಎತ್ತಿಕೊಳ್ಳುತ್ತಿದ್ದಳು. ಕಿಂಡಿಗಳ ಧೂಳು ತೆಗೆದಳು. ಕಾರ್ಬನ್ ಸವೆದಿದೆಯೇ ನೋಡಿದಳು. ಬೆಲ್ಟಿನ ಒಳಗಡೆ ಒಂದು ಬಾಣದ ಗುರುತಿರುತ್ತದೆ, ಆ ದಿಕ್ಕಿಗೇ ಹಾಕಬೇಕು. ಅವಳು ಅದನ್ನು ನೋಡದೆಯೇ, ಬೆಲ್ಟಿನ ಜೋಡಣೆಯನ್ನು ಬೆರಳಿನಿಂದ ಮುಟ್ಟಿ ದಿಕ್ಕು ಕಂಡುಕೊಳ್ಳುವಷ್ಟು ಪಳಗಿದಳು. ಹೊಸ ಸ್ವಿಚ್ಚನ್ನು ಬಿಚ್ಚಿ, ಒಳಗಿನ ಸ್ಪ್ರಿಂಗು ಹೇಗೆ ಹಿಂದಕ್ಕೆ ತಳ್ಳುತ್ತದೆ ಎಂದು ಎಷ್ಟೋ ಹೊತ್ತು ಒತ್ತಿ ಬಿಟ್ಟು ನೋಡುತ್ತಿದ್ದಳು. ಮಾದೇಶ ಕೆಟ್ಟ ಮಿಷನ್ನನ್ನು ತಂದು ಅವಳ ಮೇಜಿನ ಮೇಲಿಟ್ಟು ಮಾತಾಡದೆ ಹೋಗುತ್ತಿದ್ದ. ಒಂದು ದಿನ ಅವಳೇ ಅವನನ್ನು ನಿಲ್ಲಿಸಿದಳು.

"ಯಾಕಣ್ಣ ಮೂಗ್ನಂಗೆ ಓಯ್ತೀಯ? ಇದ್ರ ಬೆಲ್ಟು ಒಂದು ಕಡೀಕೆ ಸರೀತಿತ್ತಾ ಯೋಳು."

"ಸರೀತಿತ್ತು ಕಣವ್ವ, ಬಲಕ್ಕೆ" ಎಂದ. ಅವನ ಕಣ್ಣಲ್ಲಿ ನೀರು ಬಂತು. ಅವಳು ತಿರುಪು ತಿರುಗಿಸಿ ಸರಿಮಾಡುತ್ತಾ ಕುಂತಳು.

ಒಂದು ಮಧ್ಯಾಹ್ನ, ಊಟದ ಹೊತ್ತು, ಎಲ್ಲ ಮಿಷನ್ನುಗಳೂ ಸುಮ್ಮನಿದ್ದಾಗ ಭಾಗ್ಯ ತಾನು ಕಟ್ಟಿದ ಬೆಲ್ಟ್ ಸ್ಯಾಂಡರನ್ನು ಎತ್ತಿಕೊಂಡು ಮೇಜಿನ ಹತ್ತಿರ ಬಂದಳು. ನಾನು ಡಬ್ಬಿ ಮುಚ್ಚಿ ಎದ್ದುನಿಂತೆ, ಹತ್ತಿರ ಹೋಗಲಿಲ್ಲ. ಅವಳು ಒಂದು ಹಳೆಯ ಹಲಗೆಯನ್ನು ಬಿಗಿದಳು. ಕನ್ನಡಕ ಹಾಕಿಕೊಂಡಳು, ಮಾಸ್ಕು ಏರಿಸಿದಳು. ಸ್ವಿಚ್ಚಿನ ಮೇಲೆ ಬೆರಳಾಡಿಸಿ ನೋಡಿ ಪ್ಲಗ್ಗು ಸಿಕ್ಕಿಸಿದಳು. ವೈರನ್ನು ಭುಜದ ಮೇಲೆ ಹಾಕಿಕೊಂಡಳು. ಬಲಗೈಯಲ್ಲಿ ಹಿಂದಿನ ಹಿಡಿ, ಮಡಚದ ಬೆರಳುಗಳ ಎಡಗೈಯಲ್ಲಿ ಮುಂದಿನ ಹಿಡಿ. ಮಿಷನ್ನನ್ನು ಮರದಿಂದ ಮೇಲಕ್ಕೆತ್ತಿ ಹಿಡಿದು ಸ್ವಿಚ್ಚು ಒತ್ತಿದಳು.

ಬೆಲ್ಟು ಓಡಿತು. ಬೆರಳು ಬಿಟ್ಟಳು. ಸದ್ದು ಇಳಿಯುತ್ತಾ ಬಂದು ಬೆಲ್ಟು ನಿಂತಿತು. ಮತ್ತೆ ಒತ್ತಿದಳು. ಮತ್ತೆ ಬಿಟ್ಟಳು. ಹಾಗೇ ಒತ್ತಿ, ಬಿಟ್ಟು, ನಿಲ್ಲುವುದನ್ನು ನೋಡುತ್ತಾ ನಿಂತಳು. ಮಾದೇಶ ಬಾಗಿಲಲ್ಲಿ ಬಂದು ನಿಂತಿದ್ದ. ಊಟ ಮಾಡುತ್ತಿದ್ದವರೆಲ್ಲ ಕೈ ನಿಲ್ಲಿಸಿದ್ದರು.

ಭಾಗ್ಯ ನನ್ನ ಕಡೆ ತಿರುಗಿ ಮಾಸ್ಕು ಕೆಳಗಿಳಿಸಿದಳು.

"ನಿಂತ್ಕತದೆ ಕಣಕ್ಕ" ಎಂದಳು.

ಮಾಸ್ಕು ಮೇಲಕ್ಕೆಳೆದುಕೊಂಡು, ಎಳೆಯ ದಿಕ್ಕು ನೋಡಿ, ಮಿಷನ್ನನ್ನು ಮೆಲ್ಲಗೆ ಹಲಗೆಗೆ ತಾಗಿಸಿದಳು.